ಹಟ್ಟಿ ಕೇಳುತ್ತ ಕಡಲ ದಂಡೆಗುಂಟ

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಗಡಹಿಂಗ್ಲಜದಿಂದ ಹೊರಟೆವು. ನಮ್ಮನೆಯವರಿಗೆ ಕಾಗಲದ ಕಾರ್ಖಾನೆಯಲ್ಲಿ ಎರಡು ದಿನ ರಜೆ ಸಿಕ್ಕಿತ್ತು. ನೇಸರಿಯಲ್ಲಿ ಬೀರಪ್ಪ ಕಾಕಾನನ್ನು ಕೂಡಿಸಿಕೊಂಡು, ಆಂಬೋಲಿ ಘಾಟಿ ಇಳಿದು, ವೆಂಗುರ್ಲೆಯಿಂದ ಕಡಲ ದಂಡೆಯ ರಸ್ತೆ ಹಿಡಿದು ಮಾಲವಣದ ಆಚೆ ಹೋಗುವುದೆಂದು ಗೊತ್ತು ಮಾಡಿದ್ದೆವು.

ನಮಗೆ ಅದು ಪ್ರವಾಸ, ಕಾಕಾನಿಗೆ ಹಳೆಯ ದಾರಿ. ನನ್ನ ತಂದೆಯ ತಮ್ಮನಾದ ಆತ ಹರೆಯದಲ್ಲಿ ದೀಪಾವಳಿ ಮುಗಿಯುತ್ತಲೇ ಕುರಿ ಹೊಡೆದುಕೊಂಡು ಇದೇ ಘಾಟಿ ಇಳಿಯುತ್ತಿದ್ದ. ಭತ್ತ ಕೊಯ್ದ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ. ಹೊಲದವರು ಬದಲಿಗೆ ಅಕ್ಕಿ ಕೊಡುತ್ತಿದ್ದರು. ಆಚರೆಯ ಹತ್ತಿರ ಸುಭದ್ರಾ ಎಂಬಾಕೆಯ ಹೊಲದಲ್ಲಿ ಇವರ ಹಟ್ಟಿ ಬೀಳುತ್ತಿತ್ತು. ಆಮೇಲೆ ನಮ್ಮ ಕಡೆ ಎಲ್ಲೆಲ್ಲೂ ಕಬ್ಬು ಬಂತು, ಮೇಯಿಸುವ ಜಾಗ ಹೋಯಿತು, ಕಾಕಾ ಕುರಿ ಮಾರಿದ. ‘ಬರೂ ವರ್ಷ ಬರ್ತೇವಿ ವೈನಿ’ ಎಂದು ಅತ್ತಿಗೆಯೆನ್ನುತ್ತಿದ್ದ ಆಕೆಗೆ ಹೇಳಿ ಬಂದವನು ಮತ್ತೆ ಹೋಗಿರಲಿಲ್ಲ. ಆಕೆ ಇರುವಾಗಲೇ ಒಮ್ಮೆ ಕಂಡು ಬರಬೇಕು ಎನ್ನುವುದೊಂದೇ ಅವನ ಹಂಬಲ.

ನೇಸರಿಯಲ್ಲಿ ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಿಳಿ ಧೋತರ ಉಟ್ಟು, ಹೊಸ ಚಪ್ಪಲಿ ಮೆಟ್ಟಿಕೊಂಡು ಹೊರಬಂದ. ಸದಾ ಹೆಗಲ ಮೇಲಿರುವ ಕರೇ ಕಂಬಳಿ ಕಾಣಲಿಲ್ಲ.

‘ಕಾಕಾ, ಕಂಬಳಿ ಮರತೇನು?’

‘ಮರತಿಲ್ಲವ್ವ. ಇಷ್ಟ ದಿನಾ ಕುರುಬ ಆಗಿ ಹೋಗ್ತಿದ್ನಿ. ಈ ಸರ್ತೆ ಪಾವಣ್ಯಾ ಆಗಿ ಹೊಂಟೇನಿ.’ ಪಾವಣ್ಯಾ ಎಂದರೆ ಅತಿಥಿ.

‘ಮದಿಮಗಾ ಹೊಂಟಾನ ನೋಡ್ರಿ!’ ಎಂದು ಅವನ ಹೆಂಡತಿ, ನಮ್ಮ ಕಾಕು, ಬಾಗಿಲಲ್ಲಿ ನಿಂತು ನಕ್ಕಳು.

ಆಜರೆಯಲ್ಲಿ ಚಹಾ ಕುಡಿದೆವು. ಆಂಬೋಲಿಯಲ್ಲಿ ಮಂಜು ಎಷ್ಟಿತ್ತೆಂದರೆ ಮುಂದಿನ ಲಾರಿಯ ಕೆಂಪು ದೀಪವೇ ನಮಗೆ ದಾರಿ. ಸಾವಂತವಾಡಿಯ ಕೆರೆಯ ಎದುರು ಕಟ್ಟಿಗೆಯಲ್ಲಿ ಮಾಡಿದ ಆಟಿಕೆಯ ಹಣ್ಣು, ಕಾಯಿಪಲ್ಲೆ ಮಾರುತ್ತಿದ್ದರು. ನಾನೊಂದು ಬದನೆಕಾಯಿ ಕೊಂಡೆ. ವೆಂಗುರ್ಲೆಯಲ್ಲಿ ಡಚ್ಚರ ಹಳೆಯ ವಖಾರಿಯ ಗೋಡೆಗಳೊಳಗೆ ಮರದ ಬೇರು ಇಳಿದಿತ್ತು. ಯಾವುದೋ ದೂರದ ದೇಶದವರು ವ್ಯಾಪಾರಕ್ಕೆ ಬಂದು ಕಟ್ಟಿ, ಬಿಟ್ಟು ಹೋದದ್ದು ಎಂದು ನಮ್ಮನೆಯವರು ತಿಳಿಸಿ ಹೇಳಿದರು.

ಕಾಕಾ ಸ್ವಲ್ಪ ಹೊತ್ತು ನೋಡಿ, ‘ಇವರೂ ಬರೂ ವರ್ಷ ಬರ್ತೇವಿ ಅಂತ ಹೇಳಿ ಹೋಗಿದ್ರೇನ್ರಿ ಅಳಿಯಂದ್ರ?’ ಎಂದು ಕೇಳಿದ. ನಮ್ಮನೆಯವರು ಕಾರಿನ ಬಾಗಿಲು ತೆಗೆದರು.

ರಾತ್ರಿ ಮಾಲವಣದಲ್ಲಿ ಉಳಿದೆವು. ನಾವು ಮೀನಿನ ಊಟ ಮಾಡಿದೆವು. ಕಾಕಾ ಅನ್ನಕ್ಕೆ ಕೋಕಂ ಹುಳಿಯ ಸೋಲಕಡಿ ಸುರಿದುಕೊಂಡು, ‘ಮುಳ್ಳ ಆರಿಸೂದ್ರಾಗ ಹಸಿವೀನ ಹೋಗ್ತೈತಿ’ ಎಂದ. ಬೆಳಿಗ್ಗೆ ನೀರಿನ ನಡುವಿನ ಸಿಂಧುದುರ್ಗವನ್ನು ದಂಡೆಯಿಂದಲೇ ನೋಡಿದೆವು. ದೋಣಿಗೆ ಪಾಳಿ ಉದ್ದ ಇತ್ತು, ಕಾಕಾನಿಗೆ ತಡೆಯುವ ತಾಳ್ಮೆ ಇರಲಿಲ್ಲ.

ಉತ್ತರದ ರಸ್ತೆಯಲ್ಲಿ ಎಡಕ್ಕೆ ಗಾಳಿಮರ, ಮರಗಳ ನಡುನಡುವೆ ಕಡಲು. ಕಾಕಾನ ಕಣ್ಣು ಬಲಕ್ಕಿದ್ದ ಹೊಲಗಳ ಮೇಲೆ. ಹಳೆಯ ಗುರುತು ಒಂದೂ ಉಳಿದಿರಲಿಲ್ಲ. ಮಾವಿನ ತೋಟ, ಕಾಂಪೌಂಡು, ಪ್ರವಾಸಿಗರ ಬಾಡಿಗೆ ಮನೆಗಳು. ಸಿಕ್ಕವರನ್ನೆಲ್ಲ ಮರಾಠಿಯಲ್ಲಿ ‘ಹಟ್ಟಿ ಎಲ್ಲಿದೆ?’ ಎಂದು ಕೇಳತೊಡಗಿದ. ಕುರಿ ತರುಬುವ ಜಾಗಕ್ಕೆ ನಾವು ಹಟ್ಟಿ ಎನ್ನುತ್ತೇವೆ. ಮರಾಠಿಯವರಿಗೆ ಹಟ್ಟಿ ಎಂದರೆ ಹಟಮಾರಿ. ಒಬ್ಬ ಹುಬ್ಬೇರಿಸಿದ, ಇನ್ನೊಬ್ಬಳು ಸೆರಗು ಬಾಯಿಗಿಟ್ಟು ನಕ್ಕಳು.

‘ಮಾಮಾ, ಹಟ್ಟಿ ಎಲ್ಲೈತಿ ಅಂತ ಕೇಳಬ್ಯಾಡ್ರಿ. ಕಾರಿನ್ಯಾಗ ಕುಂತೈತಿ ಅಂತಾರ’ ಎಂದರು ನಮ್ಮನೆಯವರು.

ಕಾಕಾನೂ ನಕ್ಕ. ಅಷ್ಟರಲ್ಲಿ ಚಹಾದಂಗಡಿಯವನೊಬ್ಬ ಕೈ ತೋರಿಸಿದ: ‘ಹಟ್ಟೀಚಾ ಮಳಾ, ಹಟ್ಟಿಯ ಹೊಲ ತಾನೆ? ಅಲ್ಲಿದೆ. ಎಷ್ಟು ಜನ ಬಂದು ಕೇಳಿದರೂ ಮುದುಕಿ ಹೊಲ ಮಾರುವುದಿಲ್ಲ. ಭಾರಿ ಹಟದವಳು, ಅದಕ್ಕೇ ಆ ಹೆಸರು.’

ಕಾಕಾನ ನಗು ನಿಂತಿತು. ‘ನಮ್ಮ ಹಟ್ಟೀನ ಅದು’ ಎಂದು ಮೆಲ್ಲಗೆ ಅಂದುಕೊಂಡ.

ತೋಟಗಳ ನಡುವೆ ಅದೊಂದೇ ಬಯಲು ಹೊಲ, ಕೊಯ್ದ ಕೂಳೆ ಹಾಗೇ ಇತ್ತು. ಅಂಗಳದಲ್ಲಿ ಸುಭದ್ರಾಬಾಯಿ ಕೂತಿದ್ದಳು. ಕಣ್ಣು ಮಂದ; ಎದುರು ಬಂದದ್ದು ಬಿಳಿಯ ಬಟ್ಟೆ ಎಂದಷ್ಟೇ ಗೊತ್ತಾಯಿತೇನೋ. ಕಾಕಾ ಬಾಯಿ ತೆರೆಯುವ ಮೊದಲೇ, ‘ಮಳೊ ಇಕೂಚೊ ನಾಯ!’ ಎಂದಳು. ಹೊಲ ಮಾರುವುದಿಲ್ಲ.

‘ವೈನಿ, ನಾನು ಬೀರೂ. ಕಾನಡಿ ಬೀರೂ’ ಎಂದು ಕಾಕಾ ಮರಾಠಿಯಲ್ಲಿ ಹೇಳಿ ಮೊಣಕಾಲೂರಿದ. ಕನ್ನಡದವರಿಗೆ ಅಲ್ಲಿ ಕಾನಡಿ ಎನ್ನುತ್ತಾರೆ.

ಆಕೆ ಕೈ ಚಾಚಿ ಅವನ ಹೆಗಲು ಮುಟ್ಟಿದಳು. ಇಸ್ತ್ರಿಯ ಅಂಗಿಯ ಮೇಲೆ ಬೆರಳು ಜಾರಿದವು. ‘ಹೋದ ವರ್ಷ ಒಬ್ಬ ನನ್ನ ತವರಿನವನೆಂದು ಹೇಳಿಕೊಂಡು ಬಂದಿದ್ದ, ದಲ್ಲಾಳಿ. ನೀನೂ ಹೆಸರು ಕಲಿತು ಬಂದಿದ್ದೀ. ಬೀರೂನ ಹೆಗಲ ಮೇಲೆ ಕಂಬಳಿ ಇರುತ್ತದೆ, ಕೈಗೆ ಚುಚ್ಚುತ್ತದೆ. ನೀನು ಬೀರೂ ಆದರೆ ಕುರಿ ಎಲ್ಲಿ?’

ಕಾಕಾ ನಮ್ಮತ್ತ ತಿರುಗಿ ನೋಡಿದ. ನಾನು ಹೇಳಹೋದೆ, ಕೈ ಸನ್ನೆಯಿಂದ ತಡೆದ.

ಆಕೆಯ ಸೊಸೆ ಸಂಕೋಚದಿಂದ, ‘ಕಾನಡಿ ಜನ ಬಂದರೆ ಎಲ್ಲಿ ಇಳಿಯಬೇಕು ಅನ್ನುತ್ತಾರೆ ಅತ್ತೆ. ಒಂದು ಮಾವಿನ ಸಸಿ ನೆಡಲೂ ಬಿಟ್ಟಿಲ್ಲ’ ಎಂದಳು.

ಕಾಕಾ ಎದ್ದು ನಿಂತ. ‘ನಾನು ಬೀರೂ ಅಲ್ಲ ಬಾಯಿ, ಸುಳ್ಳು ಹೇಳಿದೆ. ಬೀರೂ ಹಿಂದೆ ಬರುತ್ತಿದ್ದಾನೆ, ಕುರಿ ಹೊಡೆದುಕೊಂಡು. ಕುರಿ ಜೊತೆ ಘಾಟಿ ಇಳಿಯುವುದು ತಡ.’

ಮುದುಕಿಯ ಮುಖ ಅರಳಿತು. ಅಕ್ಕಿ ತೆಗೆದಿಡಲು ಸೊಸೆಗೆ ಹೇಳಿದಳು.

ಮರಳಿ ಬರುವಾಗ ಕಾಕಾ ಆಂಬೋಲಿಯಲ್ಲಿ ಗಾಡಿ ನಿಲ್ಲಿಸಲು ಹೇಳಿ, ಇಳಿದು ಕೆಳಗೆ ನೋಡಿದ. ಕೊಂಕಣವೆಲ್ಲ ಮಂಜಿನಲ್ಲಿ ಮುಚ್ಚಿತ್ತು. ಬಿಳಿ ಅಂಗಿಯಲ್ಲಿ ನಡುಗುತ್ತಿದ್ದ.

‘ಕಂಬಳಿ ತರಬೇಕಿತ್ತವ್ವ’ ಎಂದ.

‘ಇಷ್ಟ ಥಂಡಿ ಇರ್ತೈತಿ ಅಂತ ಯಾರಿಗೆ ಗೊತ್ತಿತ್ರಿ ಮಾಮಾ’ ಎಂದರು ನಮ್ಮನೆಯವರು.

‘ಥಂಡಿಗಲ್ರಿ ಅಳಿಯಂದ್ರ’ ಎಂದು ಕಾಕಾ ಕಾರು ಹತ್ತಿದ.