ಬಂಗಲೆ ಗೇಟಿನ ಮುಂದೆ

ನಮ್ಮ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಐವತ್ತು ದಾಟಿತ್ತು. ಆದರೂ ಬಾಳ್ಳುಪೇಟೆಯಿಂದ ಬರುವಾಗ ಕೆರೆ ಏರಿಯ ಕಲ್ಲಿನಲ್ಲಾಗಲಿ, ಕಾಡಿನ ಏರು ಚಡಾವಿನಲ್ಲಾಗಲಿ ಅವರು ಸೈಕಲ್ಲಿನಿಂದ ಇಳಿದವರಲ್ಲ. ಇಳಿಯುತ್ತಿದ್ದುದು ಎಸ್ಟೇಟಿನ ಒಡೆಯರಾದ ಸಾವ್ಕಾರರ ಬಂಗಲೆ ಗೇಟಿನ ಮುಂದೆ ಮಾತ್ರ. ಸದ್ದಾಗದಂತೆ ಬೆಲ್ಲಿನ ಮೇಲೆ ಅಂಗೈ ಮುಚ್ಚಿ, ತಿರುವು ದಾಟುವ ತನಕ ತಳ್ಳಿಕೊಂಡು ನಡೆಯುವರು. ಅದೇನು ಸಾವ್ಕಾರರ ರಸ್ತೆಯಲ್ಲ, ಸರ್ಕಾರದ್ದು. ಸ್ಟೋರ್ ನೋಡಿಕೊಳ್ಳುತ್ತಿದ್ದ ನಾನು ರೇಗಿದರೆ, "ಇಳಿದ್ರೆ ಸವೀತೀವಾ ಮಾರಾಯ?" ಎನ್ನುವರು.

ಒಂದು ಭಾನುವಾರ ನಾವಿಬ್ಬರೂ ಗೇಟಿನ ಮುಂದೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದೆವು. ಕೆರೆ, ಕಾಡು ನೋಡುತ್ತ ಸುತ್ತು ಹೊಡೆಯಲು ಬಂದಿದ್ದ ಬೆಂಗಳೂರಿನ ಏಳೆಂಟು ಜನ, ಹೆಲ್ಮೆಟ್ ಹಾಕಿಕೊಂಡು, ಸೈಕಲ್ ತುಳಿಯುತ್ತ ನಮ್ಮನ್ನು ದಾಟಿದರು. ಒಬ್ಬರೂ ಇಳಿಯಲಿಲ್ಲ. ಸಾವ್ಕಾರರು ಗೇಟಿಗೇ ಬಂದು ಕೈಬೀಸಿದರು. ಆಮೇಲೆ ರೈಟರ ಕಡೆ ತಿರುಗಿ, "ಏನ್ ಚೆಂದ ತುಳೀತಾರೆ ನೋಡೋ! ಈ ರಸ್ತೇಲಿ ಸೈಕಲ್ ಹೊಡೆಯೋಕೂ ಪುಣ್ಯ ಮಾಡಿರ್ಬೇಕು ಕಣೋ" ಎಂದರು.

"ಹೌದು ಸಾವ್ಕಾರ್ರೇ," ಎಂದರು ರೈಟರ್. ಅಂಗೈ ಬೆಲ್ಲಿನ ಮೇಲೇ ಇತ್ತು.

ತಿರುವು ದಾಟಿದ್ದೇ ತಡ, ನಾನು ಅವರನ್ನು ಬಾಯಿಗೆ ಬಂದಂತೆ ಬೈದೆ. ಅವರು ಸೈಕಲ್ ಹತ್ತಿ, ನನ್ನ ಕೈಯನ್ನೊಮ್ಮೆ ನೋಡಿ ಹೊರಟರು. ನನ್ನ ಬೆಲ್ಲನ್ನು ನಾನಿನ್ನೂ ಮುಚ್ಚಿ ಹಿಡಿದಿದ್ದೆ.