ಹೆರಿಗೆಗೆ ಮೊದಲೇ ಆದ ಬಾಣಂತನ

ಸೋಮವಾರ ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಶಾಲೆಯ ಮಕ್ಕಳಿಗೆ ರಕ್ತ ಹೆಚ್ಚಿಸುವ ಕಬ್ಬಿಣಾಂಶದ ಗುಳಿಗೆ ಕೊಡುವ ಕೆಲಸ ನನ್ನದು. ಒಬ್ಬೊಬ್ಬರ ಕೈಗೂ ಒಂದೊಂದು ಇಟ್ಟು, ಎದುರಿಗೇ ನುಂಗಿಸಿ, ಬಾಯಿ ತೆರೆಸಿ ನೋಡಿ ಕಳಿಸಬೇಕು. ಇಲ್ಲದಿದ್ದರೆ ಕಿಟಕಿಯಾಚೆ ಉಗುಳಿ ಬಂದು ಸಾಧುಗಳಂತೆ ಕೂಡುವ ಹುಡುಗರಿದ್ದಾರೆ. ಮೊನ್ನೆ ಅದೆಲ್ಲ ಮುಗಿಸಿ, ಸಾಕಪ್ಪಾ ಸಾಕು ಎಂದು ಕುರ್ಚಿಯಲ್ಲಿ ಕೂತು ಮುಖ ಒರೆಸಿಕೊಂಡೆ. ಬೆರಳಿಗೆ ಗುಳಿಗೆಯ ವಾಸನೆ ಅಂಟಿತ್ತು... ತುಕ್ಕು ಹಿಡಿದ ಕೊಡದ ತಳದಂಥ ವಾಸನೆ. ನಮ್ಮ ದೊಡ್ಡಕ್ಕೋರು ನೆನಪಾದರು. ಇಪ್ಪತ್ತು ವರ್ಷದ ಹಿಂದೆ ನನ್ನನ್ನೂ ಹೀಗೇ ಮುಂದೆ ನಿಲ್ಲಿಸಿಕೊಂಡು, ಇದೇ ಗುಳಿಗೆ ನುಂಗಿಸಿ, "ಎಲ್ಲಿ, ಆ ಅನ್ನು" ಎಂದು ಬಾಯಿ ತೆರೆಸಿದವರು ಅವರು.

ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಶಾಲೆಯ ಮುಖ್ಯಸ್ಥೆಯಾದರೆ ದೊಡ್ಡಕ್ಕೋರು. ಆಗ ನಾನು ಬೆಂಗೇರಿಯ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೆ, ಮನೆ ನವನಗರದಲ್ಲಿ. ದೊಡ್ಡಕ್ಕೋರು ಧಾರವಾಡದ ಮಾಳಮಡ್ಡಿಯಿಂದ, ನವನಗರದ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಬರುತ್ತಿದ್ದರು. ಹಣೆಯ ತುಂಬ ವಿಭೂತಿ, ಗಂಜಿ ಹಾಕಿದ ಸೀರೆ, ಗಂಡಸರ ಕೈಗಡಿಯಾರ. ಗಂಡ ತೀರಿ ಬಹಳ ವರ್ಷವಾಗಿತ್ತು. ಮಕ್ಕಳ ಸುದ್ದಿ ಎಂದೂ ಎತ್ತಿದವರಲ್ಲ, ಹಾಗಾಗಿ ಇಲ್ಲವೆಂದೇ ನಾವೆಲ್ಲ ತಿಳಿದಿದ್ದೆವು. ಬಾಯಿ ಮಾತ್ರ ಭಾರೀ ಜೋರು. ಶಾಲೆಯ ಮಕ್ಕಳಿಗಿಂತ ನಾವೇ ಅವರಿಗೆ ಹೆಚ್ಚು ಹೆದರುತ್ತಿದ್ದೆವು.

ನನ್ನ ಮೊದಲನೆಯ ಹೆರಿಗೆ ಹೇಗಾಯಿತೆಂದು ಹೇಳದೆ ಮುಂದಿನದು ತಿಳಿಯುವುದಿಲ್ಲ. ಇದ್ದಬದ್ದ ರಜೆಯನ್ನೆಲ್ಲ ಕೂಸು ಹುಟ್ಟಿದ ಮೇಲೆ ಬಳಸಿಕೊಂಡರಾಯಿತು ಎಂದು ನೌಕರಿ ಮಾಡುವ ಹೆಂಗಸರೆಲ್ಲ ಹಾಕುವ ಲೆಕ್ಕವನ್ನೇ ನಾನೂ ಹಾಕಿದ್ದೆ. ತವರಿಗೆ ಹೊರಡುವ ಹಿಂದಿನ ದಿನದವರೆಗೂ ನಿಂತು ಪಾಠ ಮಾಡಿದೆ. ತಪಾಸಣೆಗೆ ಹೋದರೆ ಹೋದೆ, ಇಲ್ಲದಿದ್ದರೆ ಇಲ್ಲ. ಈ ಗುಳಿಗೆ ನುಂಗಿದರೆ ಕೂಸು ಕರ್ರಗಾಗುತ್ತದೆ ಎಂದು ಅತ್ತೆ ಹೇಳಿದ್ದರು. ಅದು ಸುಳ್ಳೆಂದು ಗೊತ್ತಿದ್ದರೂ, ನುಂಗಿದಾಗಲೆಲ್ಲ ಹೊಟ್ಟೆ ತೊಳಸುತ್ತಿತ್ತಾದ್ದರಿಂದ ಅದೇ ನೆಪ ಮಾಡಿ ಬಿಟ್ಟೆ.

ಗದಗಿನಲ್ಲಿ ಅವ್ವ ಬಾಣಂತನಕ್ಕೆ ಏನೂ ಕಡಿಮೆ ಮಾಡಲಿಲ್ಲ. ಎಣ್ಣೆ ತಿಕ್ಕಿ ಸುಡುಸುಡು ನೀರು ಹಾಕಿಸಿದಳು, ಹೊರಸಿನ ಕೆಳಗೆ ಕೆಂಡ ಇಟ್ಟಳು, ಅಂಟಿನುಂಡೆ, ಅಳ್ವಿ ಬೀಜದ ಪಾಯಸ, ಸಬ್ಬಸಿಗೆ ಪಲ್ಯೆ ಎಲ್ಲ ತಿನ್ನಿಸಿದಳು. ನಾನು ಮಾತ್ರ ಏಳಲಿಲ್ಲ. ಮೊದಲೇ ಮೈಯಲ್ಲಿ ರಕ್ತವಿರಲಿಲ್ಲ, ಇದ್ದದ್ದೂ ಹೆರಿಗೆಯಲ್ಲಿ ಹೋಗಿತ್ತು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕು. ಹಾಲು ಬತ್ತಿತು. ಉಳಿಸಿದ ರಜೆಯೆಲ್ಲ ಮಲಗಿದಲ್ಲೇ ಮುಗಿದು, ಮಗಳನ್ನು ಗದಗಿನಲ್ಲೇ ಬಿಟ್ಟು ಕೆಲಸಕ್ಕೆ ಬಂದೆ. ಮುಂದೆ ಕರೆದುಕೊಂಡು ಬರಲು ಹೋದಾಗ ಅವಳು ನನ್ನನ್ನು ನೋಡಿ ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಂಡಳು... ಆ ಸಂಕಟ ಇವತ್ತಿಗೂ ಹೋಗಿಲ್ಲ. ಇಷ್ಟು ದೊಡ್ಡವಳಾದರೂ ಜ್ವರ ಬಂದರೆ ಅವಳ ಮೊದಲ ಫೋನು ಗದಗಿಗೇ ಹೋಗುತ್ತದೆ.

ಹೀಗಿರುವಾಗ ಎರಡನೆಯದು ನಿಂತಿತು. ನನಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚು. ಈ ಕೂಸೂ ನನ್ನ ಕೈತಪ್ಪಿದರೆ? ಮೊದಲ ಹೆರಿಗೆ ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ ಎಂಬುದು ನಮ್ಮ ರೂಢಿ. ಅತ್ತೆ ಅಷ್ಟೊತ್ತಿಗೆ ತೀರಿಕೊಂಡಿದ್ದರು. ಅವ್ವನನ್ನು ಕರೆಸೋಣವೆಂದರೆ ಅವಳಿಗೆ ಮೊಣಕಾಲು ನೋವು. ದೊಡ್ಡಕ್ಕೋರಿಗೆ ಸುದ್ದಿ ತಿಳಿಸಲು ಅವರ ಕೋಣೆಗೆ ಹೋದವಳು ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

"ಬಾಣಂತನ ಮಾಡಾಕ ನನಗ ಯಾರೂ ಇಲ್ರೀ ಅಕ್ಕೋರ."

ಅವರು ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು. ಸಮಾಧಾನದ ಮಾತು ಅವರ ಬಾಯಲ್ಲಿ ಬರುವಂಥದ್ದಲ್ಲ.

"ಆಮ್ಯಾಲೆ ಮಾಡೋರು ಇಲ್ಲಂದ್ರ ಮೊದಲ ಮಾಡೂಣು. ಬಾಣಂತನ ಇವತ್ತಿಂದನ ಚಾಲೂ. ಕಣ್ಣೊರಸ್ಕೊ, ಗಂಟಿ ಹೊಡೀತು."

ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡೆ. ಮರುದಿನವೇ ನನ್ನ ತರಗತಿ ಮಾಳಿಗೆಯಿಂದ ಕೆಳಕ್ಕೆ ಬಂತು. ಬಸ್ಸಿನಲ್ಲಿ ಅವರು ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡು, ನವನಗರದಲ್ಲಿ ನಾನು ಹತ್ತುವವರೆಗೆ ಇಡೀ ಬಸ್ಸಿನ ಜೊತೆ ಜಗಳವಾಡುತ್ತ ಜಾಗ ಕಾಯುತ್ತಿದ್ದರು. ಮಧ್ಯಾಹ್ನ ನನ್ನ ಡಬ್ಬಿ ತೆಗೆಸಿ ನೋಡುವರು. ಬರೀ ಅನ್ನ ಇದ್ದರೆ ಮುಗಿಯಿತು, ಬೈಗುಳದ ಜೊತೆಗೆ ತಮ್ಮ ಡಬ್ಬಿಯ ರೊಟ್ಟಿ, ಮೆಂತ್ಯಪಲ್ಯೆ, ಮೊಳಕೆ ಕಾಳು ನನ್ನ ಮುಂದಕ್ಕೆ ಸರಿಯುತ್ತಿದ್ದವು. ಊಟವಾಗಿ ಸ್ವಲ್ಪ ಹೊತ್ತಿಗೆ ಗುಳಿಗೆ, ಮೇಲೆ ಲಿಂಬೆಹಣ್ಣಿನ ಪಾನಕ. ಗುಳಿಗೆಯ ಆಸುಪಾಸು ಚಹಾದ ಹೆಸರು ಎತ್ತುವಂತಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನು ಮರೆತರೂ ಅವರು ಮರೆಯಲಿಲ್ಲ. ಆಮೇಲೆ ಅವರ ಕೋಣೆಯಲ್ಲಿ ಜಮಖಾನೆ ಹಾಸಿಸಿ, ಎಡಮಗ್ಗುಲಿಗೆ ಮಲಗಿಸಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಹೊರಗೆ ಕೂಡುವರು. ತಪಾಸಣೆಯ ದಿನ ನನ್ನ ತರಗತಿಯನ್ನು ತಾವೇ ತೆಗೆದುಕೊಂಡು ನನ್ನನ್ನು ದವಾಖಾನೆಗೆ ಅಟ್ಟುತ್ತಿದ್ದರು.

ನನಗೋ ಇದೆಲ್ಲ ಸಾಕುಸಾಕಾಗುತ್ತಿತ್ತು. ಮೊದಲೇ ದಣಿದ ಜೀವ, ಮೇಲೆ ಈ ಕಾವಲು. "ತಾವು ಹಡೆದಿದ್ದರೆ ಗೊತ್ತಾಗ್ತಿತ್ತು" ಎಂದು ಮನಸ್ಸಿನಲ್ಲೇ ಗೊಣಗಿದ್ದುಂಟು.

ಒಂದು ದಿನ ನಮ್ಮ ಮನೆಯವರನ್ನೇ ಶಾಲೆಗೆ ಕರೆಸಿದರು. ಪಾಪ, ಬ್ಯಾಂಕಿನ ಕೆಲಸ ಬಿಟ್ಟು ಓಡಿ ಬಂದಿದ್ದರು. ದೊಡ್ಡಕ್ಕೋರು ನೇರವಾಗಿ ಕೇಳಿದ್ದು ಒಂದೇ.

"ನಳಾ ಬಂದಾಗ ಮನ್ಯಾಗ ನೀರು ಯಾರ್ ತುಂಬ್ತಾರ್ರಿ?"

ನಮ್ಮಲ್ಲಿ ವಾರಕ್ಕೊಮ್ಮೆ ನಳ ಬಂದರೆ ಬಂತು. ಬಂದಾಗ ಕೊಡ, ಬಕೀಟು, ಡ್ರಮ್ಮು ಎಲ್ಲ ತುಂಬಿಡಬೇಕು. ಅದು ನನ್ನದೇ ಕೆಲಸವಾಗಿತ್ತು. ಇವರು ನನ್ನ ಕಡೆ ನೋಡಿದರು.

"ಆಕೀ ಮಾರಿ ಏನ್ ನೋಡ್ತೀರಿ? ಈ ವಾರದಿಂದ ನೀವ ತುಂಬ್ರಿ. ಅನ್ನ ಸಾರು ಮಾಡೂದೂ ಈಗ ಕಲೀರಿ. ಕೂಸು ಬಂದ ಮ್ಯಾಲ ಕಲೀತೇನಿ ಅಂದ್ರ ಆಗೂದಿಲ್ರಿ."

ಇವರು ಹೋಮ್‌ವರ್ಕ್ ಮಾಡದ ಹುಡುಗನಂತೆ ತಲೆ ತಗ್ಗಿಸಿ ಹೂಂ ಅಂದರು. ಕಲಿತರು ಕೂಡ. ಮೊದಲ ಸಲದ ಸಾರಿಗೆ ಉಪ್ಪೇ ಇರಲಿಲ್ಲ, ಬಡಿಸಿಕೊಂಡು ಇಬ್ಬರೂ ನಕ್ಕೆವು.

ದಿನ ಹತ್ತಿರವಾದಾಗ ರಜೆಯ ವಿಷಯಕ್ಕೆ ಜಗಳವಾಯಿತು. ಉಳಿಸಿಕೊಳ್ಳುತ್ತೇನೆ ಎಂದು ನಾನು, ಈಗಲೇ ಹಾಕು ಎಂದು ದೊಡ್ಡಕ್ಕೋರು. "ಉಳಿಸಿ ಏನ್ ಮಾಡ್ತೀ? ಎದ್ದು ನಿಲ್ಲಾಕ ತ್ರಾಣ ಇಲ್ಲಂದ್ರ ಎಲ್ಲಾ ಹಾಸಿಗ್ಯಾಗ ಕಳೀತದ. ಒಮ್ಮೆ ನೋಡೀಯಲ್ಲ" ಎಂದರು. ಅವತ್ತೇ ರಜೆಯ ಅರ್ಜಿ ಬರೆದುಕೊಟ್ಟೆ.

ಗಂಡು ಹುಟ್ಟಿತು. ಈ ಸಲವೂ ರಕ್ತ ಬಹಳ ಹೋಯಿತು. ಮೊದಲಿನಷ್ಟು ನಿತ್ರಾಣವಿದ್ದಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಹೊಲಿಗೆ ನೋಯಲಿಲ್ಲವೆಂದಲ್ಲ, ನಿದ್ದೆಗೆಟ್ಟು ಕಣ್ಣು ಉರಿಯಲಿಲ್ಲವೆಂದಲ್ಲ. ಆದರೆ ಗೋಡೆ ಹಿಡಿಯದೆ ಎದ್ದೆ. ಎಣ್ಣೆ ತಿಕ್ಕುವವರಿಲ್ಲ, ಕೆಂಡವಿಲ್ಲ, ಅಂಟಿನುಂಡೆಯನ್ನು ಅವ್ವ ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕಳಿಸಿದ್ದಳು, ಅಷ್ಟೇ. ಇವರು ನೀರು ಕಾಯಿಸಿದರು, ಸಾರು ಮಾಡಿದರು. ಕೂಸಿಗೆ ಹಾಲು ಸಾಕಾಯಿತು. ಕೂಸನ್ನು ನಾನೇ ಎತ್ತಿದೆ, ನಾನೇ ನೀರೆರೆದೆ. ಹೆಸರಿಡುವ ದಿನ ದೊಡ್ಡಕ್ಕೋರು ಬಂದರು. ತೊಟ್ಟಿಲು ನೋಡುವುದಕ್ಕೂ ಮೊದಲು ಅಡಿಗೆಮನೆಗೆ ಬಂದು, ನಿಂತು ಹೋಳಿಗೆ ಬೇಯಿಸುತ್ತಿದ್ದ ನನ್ನನ್ನು ನೋಡಿದರು. "ಎದ್ದೀಯಲ್ಲ, ಸಾಕು" ಎಂದರು. ಊಟ ಮಾಡಿ ಹೊರಟುಹೋದರು.

ಮುಂದೆ ಅವರು ನಿವೃತ್ತರಾದರು. ನನಗೂ ವರ್ಗವಾಯಿತು. ಹಬ್ಬಕ್ಕೊಮ್ಮೆ ಫೋನು, ಆಮೇಲೆ ಅದೂ... ಹೋದ ವರ್ಷ ಶಿಕ್ಷಕರ ಫೋನಿನ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಮಾಳಮಡ್ಡಿಗೆ ಹೋದೆ. ನಡುವಯಸ್ಸು ದಾಟಿದ ಒಬ್ಬರು ಬಾಗಿಲಲ್ಲಿ ನಿಂತು ಬಂದವರನ್ನು ಮಾತಾಡಿಸುತ್ತಿದ್ದರು. "ನಮ್ಮ ದೊಡ್ಡವ್ವ ಸಾಲೀ ಬಾಳ ನೆನಸ್ತಿದ್ಲರಿ" ಎಂದರು. ದೊಡ್ಡಕ್ಕೋರ ಮೈದುನನ ಮಗ ಇರಬೇಕೆಂದುಕೊಂಡು ಕೈಮುಗಿದು ಒಳಗೆ ಹೋದೆ.

ಒಳಗೆ ಆ ಮೈದುನನ ಹೆಂಡತಿ, ಹಣ್ಣಾದ ಮುದುಕಿ, ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಕೂತು, ಏನಾದರೂ ಮಾತಾಡಬೇಕಲ್ಲ ಎಂದು ನನ್ನ ಬಾಣಂತನದ ಕಥೆ ಹೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡರು.

"ಹೊರಗ ನಿಂತಾನಲ್ಲರಿ, ಅಂವ ಆಕೀ ಹೊಟ್ಟ್ಯಾಗ ಹುಟ್ಟಿದ ಮಗ. ಬಸರಿದ್ದಾಗ ಆಕೀನ ಯಾರೂ ನೋಡ್ಲಿಲ್ಲರಿ, ಸುಗ್ಗಿ ಕೆಲಸ ನೋಡಿದ್ರು. ಹಡದ ಮ್ಯಾಲ ವರ್ಷಗಟ್ಟಲೆ ಹಾಸಿಗಿ ಹಿಡದ್ಲು. ನನಗೂ ಆಗ ಕೂಸಿತ್ತು, ಇಬ್ಬರಿಗೂ ನಾನ ಹಾಲು ಕುಡಿಸಿದೆ. ನನ್ನ ಮಕ್ಕಳು ಆಕೀಗೆ ದೊಡ್ಡವ್ವ ಅಂತಿದ್ವು, ಅಂವನೂ ಹಂಗ ಅಂದ. ಆಕಿ ಎದ್ದು ಅಡ್ಡಾಡೂದ್ರಾಗ ಅಂವಗ ನಾನ ಅವ್ವ ಆಗಿಬಿಟ್ಟಿದ್ದೆ. ತಿದ್ದಾಕ ಹೋದ್ರ, ಬ್ಯಾಡ, ಇರ್ಲಿ ಬಿಡ್ರಿ, ಅಂವ ಅಳ್ತಾನ ಅಂದ್ಲು."

ನನಗೆ ಅಳು ತಡೆಯಲಾಗಲಿಲ್ಲ. ತಮ್ಮ ಪಾಲಿಗೆ ಬಾರದ್ದನ್ನು ನನಗೆ ಉಳಿಸಿಕೊಟ್ಟು, ಅದರ ಬಗ್ಗೆ ಒಂದು ಮಾತೂ ಆಡದೆ ಹೋದರಲ್ಲ...

ಮೊನ್ನೆ ಶಾಲೆ ಬಿಟ್ಟು ಮನೆಗೆ ಬಂದು ಹೊರಗಿನ ಕಟ್ಟೆಯ ಮೇಲೆ ಕೂತೆ. ಈಗೀಗ ಬಸ್ಸು ಇಳಿದು ಬರುವಷ್ಟರಲ್ಲೇ ಕಾಲು ಸೋಲುತ್ತವೆ. ಕಾಲೇಜಿನಿಂದ ಆಗಲೇ ಬಂದಿದ್ದ ಮಗ ಒಳಗಿನಿಂದ "ಅವ್ವಾ" ಎಂದು ಕರೆದ. ಹೂಂ ಅನ್ನಲಿಲ್ಲ. ಇನ್ನೊಮ್ಮೆ ಕರೆಯಲಿ ಎಂದು ಸುಮ್ಮನೆ ಕೂತಿದ್ದೆ.