ಮೆಣಸಿನಕಾಯಿ ಕಣಕ್ಕೆ ನಾಗರತ್ನಾ ಕಾವಲು

ಕಪ್ಪತಗುಡ್ಡದ ನೆತ್ತಿಗೆ ಮೊದಲ ಬಿಸಿಲು ಬೀಳುತ್ತಿದೆ. ಮುಂಡರಗಿ ಸಮೀಪದ ಹೊಲದ ಬದುವಿನಲ್ಲಿ ನಿಂತ ನಾಗರತ್ನಾ, ರಾತ್ರಿಯ ಹನ್ನೊಂದನೇ ಸುತ್ತು ಮುಗಿಸಿದ ಡ್ರೋನನ್ನು ಇಳಿಸಿ, ಸೆರಗಿನಿಂದ ಅದರ ಇಬ್ಬನಿ ಒರೆಸುತ್ತಾರೆ. ಕಣಗಳಲ್ಲಿ ಒಣಗುತ್ತಿರುವ ಮೆಣಸಿನಕಾಯಿಗೆ ಈ ರಾತ್ರಿಯೂ ಕಳ್ಳರ ಕೈ ತಗುಲಿಲ್ಲ.

ಇವರು ಬೆಟಗೇರಿಯ ನೇಕಾರರ ಮಗಳು, ಇಲ್ಲಿಯ ಸೊಸೆ, ರೈತರ ಸಂಘದ ರಾತ್ರಿ ಕಾವಲುಗಾರ್ತಿ. ಒಂದು ಸುತ್ತಿಗೆ ಇಪ್ಪತ್ತು ನಿಮಿಷ, ಅರವತ್ತೆರಡು ಕಣ. ಮೈಬಿಸಿ ಗುರುತಿಸುವ ಕ್ಯಾಮೆರಾದಲ್ಲಿ ಕಣ ಕಾಯುವವರೆಲ್ಲ ಬಿಳಿ ಚುಕ್ಕೆಗಳು. “ಸಾವಿರ ಎಳಿಯೊಳಗ ಒಂದ ಎಳಿ ಹರದ್ರೂ ಕಣ್ಣಿಗೆ ಬೀಳಬೇಕಂತ ಅಪ್ಪ ಮಗ್ಗದ ಮುಂದ ಕುಂದ್ರಿಸಿ ಕಲಿಸ್ಯಾನ್ರಿ. ಇಲ್ಲೂ ಅದ ಕೆಲಸ.”

ಮೊದಲ ವರ್ಷ ಊರು ಡ್ರೋನನ್ನು ನಂಬಲಿಲ್ಲ. ಇದು ಕಳ್ಳರು ಬಿಟ್ಟ ಯಂತ್ರವೇ ಎಂದು ತಿಳಿದು, ಜೋಳದ ಹೊಲದ ಅಟ್ಟದ ಮೇಲೆ ಮಲಗಿದ್ದ ತಿರಕಪ್ಪಜ್ಜ ಗಿಳಿ ಓಡಿಸುವ ಕವಣೆಯನ್ನು ಬೀಸಿಯೇ ಬಿಟ್ಟ. ಗುರಿಯೂ ತಪ್ಪಲಿಲ್ಲ, ಪುಣ್ಯಾತ್ಮ! ಇನ್ನೊಂದು ಡ್ರೋನ್ ಒಡೆದರೆ ಕೆಲಸವೇ ಬಂದ್ ಎಂದಿತು ಸಂಘ. ನಾಗರತ್ನಾ ಅಜ್ಜನ ಮೇಲೆ ದೂರು ಕೊಡಲಿಲ್ಲ. ಹೊಸ ಡ್ರೋನಿಗೆ ಧ್ವನಿವರ್ಧಕ ಕಟ್ಟಿಸಿ, ಪ್ರತಿ ಕಣದ ಮೇಲೂ ತಾವೇ ಮಾತಾಡತೊಡಗಿದರು: “ನಾನ್ರಿ, ನಾಗರತ್ನಾ. ಕಲ್ಲ ಒಗಿಬ್ಯಾಡ್ರಿ!”

ಕಳೆದ ಜನವರಿಯ ಒಂದು ರಾತ್ರಿ ಚುಕ್ಕೆಯೊಂದು ಕಣ ಬಿಟ್ಟು ಹಳ್ಳದ ದಂಡೆಯಲ್ಲಿ ಕಂಡಿತು. ಕಳ್ಳ ಎಂದು ಕೂಗಿದ್ದರೆ ಊರೇ ಬಡಿಗೆ ಹಿಡಿದು ಬರುತ್ತಿತ್ತು. ನಾಗರತ್ನಾ ಡ್ರೋನ್ ತಗ್ಗಿಸಿ ಕೇಳಿದರು: “ಯಾರದು? ಆರಾಮಿಲ್ಲಂದ್ರ ಕೈ ಎತ್ತರಿ.” ಒಂದು ಕೈ ಮೇಲೆದ್ದಿತು. ಹಾವು ಕಚ್ಚಿ ಬಿದ್ದಿದ್ದ, ಕಣ ಕಾಯುವ ಹುಚ್ಚವ್ವ ಅದು. ಡ್ರೋನಿನ ದೀಪ ಅವಳ ಮೇಲೆಯೇ ನಿಂತಿತು. ನಾಗರತ್ನಾ ಕರೆದಾಗ ಆ ಬೆಳಕು ನೋಡುತ್ತ ಓಡಿದ ಜನ ಅವಳನ್ನು ಹೊತ್ತು ಆಸ್ಪತ್ರೆ ಮುಟ್ಟಿಸಿದರು. “ಮ್ಯಾಲಿಂದ ಆಕಿ ಮಾತಾಡಕೋತ ಇದ್ದಳ್ರಿ. ಅದಕ್ಕ ನಾ ಕಣ್ಣ ಮುಚ್ಚಲಿಲ್ಲ” ಎನ್ನುತ್ತಾಳೆ ಹುಚ್ಚವ್ವ, ಈಗ ಮತ್ತೆ ಕಣದಲ್ಲಿ ಕಾಯಿ ಹರವುತ್ತ.

ಇಂಥ ಹೆಣ್ಣುಮಗಳ ಹೆಸರು ನಾಲ್ಕು ಊರಾಚೆ ಯಾರಿಗೂ ಗೊತ್ತಿಲ್ಲವೆಂದರೆ ನಾಚಿಕೆ ನಮಗಾಗಬೇಕು. ಅವರಿಗೆ ಅದರ ಚಿಂತೆಯೇ ಇಲ್ಲ. ಬ್ಯಾಟರಿಗಳನ್ನು ಚೀಲಕ್ಕೆ ತುಂಬುತ್ತ ನಗುತ್ತಾರೆ.

“ಮೊದಲ ಇದರ ಸಪ್ಪಳ ಕೇಳಿದ್ರ ಮಂದಿ ಗಾಬರ್ಯಾಗಿ ಎದ್ದು ಕುಂಡ್ರತಿದ್ರು. ಈಗ ಸಪ್ಪಳ ಕೇಳಿದ ಮ್ಯಾಲನ ಮಕ್ಕೋತಾರ. ನನಗ ಅಷ್ಟ ಸಾಕ್ರಿ.”